ಯುಗಾದಿಗೆ ಡಬ್ಬಿ ಕೂಡಿಸುವುದೋ, ಹಣ ಕೊಡುವುದೋ? ಸಿಲಿಕಾನ್ ವ್ಯಾಲಿಯ ಫುಡ್ ಬ್ಯಾಂಕ್ ಕುರಿತು

ಕುಪರ್ಟಿನೋ ಕಾಫಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕನ್ನಡ ಬಳಗವು ಈ ಸಲದ ಯುಗಾದಿ ಕಾರ್ಯಕ್ರಮದ ಜೊತೆಗೆ ಸೆಕೆಂಡ್ ಹಾರ್ವೆಸ್ಟ್ ಫುಡ್ ಬ್ಯಾಂಕಿಗೆ ಏನಾದರೂ ಕೊಡಬೇಕೆಂದು ತೀರ್ಮಾನಿಸಿದೆ. ಸಭಾಂಗಣದ ಬಾಗಿಲಲ್ಲಿ ದೊಡ್ಡದೊಂದು ಪೀಪಾಯಿ ಇಡೋಣ, ಬರುವ ಪ್ರತಿ ಕುಟುಂಬವೂ ಅಕ್ಕಿ, ಬೇಳೆ, ಡಬ್ಬಿಯ ಪದಾರ್ಥ ಏನಾದರೊಂದನ್ನು ತಂದು ಹಾಕಲಿ ಎಂಬುದು ಅರ್ಧ ಜನರ ಮಾತು. ಆ ಗೊಡವೆಯೇ ಬೇಡ, ಮನೆಗೆ ಇಷ್ಟು ಡಾಲರ್ ಎಂದು ಕೂಡಿಸಿ ಕಳಿಸಿಬಿಡೋಣ ಎಂಬುದು ಉಳಿದವರ ವಾದ. ಮಕ್ಕಳು ತಮ್ಮ ಕೈಯಾರೆ ಹಾಕಿದರೆ ಕೊಡುವುದು ಏನೆಂದು ಅವರಿಗೂ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ. ತಿಳಿದವರು ಹೇಳಿ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಪರಿಚಯದ ಒಂದು ಮನೆಯಲ್ಲಿ ಯಜಮಾನರ ಕೆಲಸ ಹೋಗಿದೆ. ಕೆಲಸದ ಮೇಲೆ ನಿಂತ ಎಚ್-1ಬಿ ವೀಸಾ, ಇಬ್ಬರು ಸಣ್ಣ ಮಕ್ಕಳು, ಬಾಡಿಗೆ ಮನೆ. ಫುಡ್ ಬ್ಯಾಂಕಿಗೆ ಹೋದರೆ ಮುಂದೆ ಗ್ರೀನ್ ಕಾರ್ಡಿಗೆ ತೊಡಕಾಗುತ್ತದೆಂದು ಅಂಜುತ್ತಿದ್ದಾರೆ. ಅದು ನಿಜವೇ?

ಗೋದಾಮು ಗೆಳೆಯ

ಹಣವನ್ನೇ ಕೊಡಿ. ಕಾರಣ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಸೆಕೆಂಡ್ ಹಾರ್ವೆಸ್ಟ್ ಎಂದರೆ ಊಟ ಬಡಿಸುವ ಛತ್ರವೆಂದು ಅನೇಕರು ತಿಳಿದಿದ್ದಾರೆ. ಅದು ವಾಸ್ತವವಾಗಿ ಸಗಟು ಗೋದಾಮು. 1974ರಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆ ಸ್ಯಾಂಟಾ ಕ್ಲಾರಾ ಮತ್ತು ಸ್ಯಾನ್ ಮಟಿಯೋ ಕೌಂಟಿಗಳೆರಡಕ್ಕೆ ಆಹಾರ ಒದಗಿಸುತ್ತದೆ; ಶಾಲೆ, ಚರ್ಚು, ಸಮುದಾಯ ಭವನ, ಹಿರಿಯರ ವಸತಿಗೃಹ ಮುಂತಾದ ನೂರಾರು ಪಾಲುದಾರರ ಮೂಲಕ ಅದು ಮನೆಮನೆಗೆ ಸೇರುತ್ತದೆ. ಕೋವಿಡ್ ಬಂದ ಮೇಲೆ ತಿಂಗಳಿಗೆ ಸರಾಸರಿ ಸುಮಾರು 5 ಲಕ್ಷ ಜನ ಅದನ್ನು ಆಶ್ರಯಿಸಿದ್ದಾರೆ. ಹಂಚುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಾಜಾ ಹಣ್ಣು ತರಕಾರಿ, ಅವು ನಿಮ್ಮ ಪೀಪಾಯಿಯಲ್ಲಿ ಬರುವುದಿಲ್ಲ. ಸೆಂಟ್ರಲ್ ವ್ಯಾಲಿಯ ಬೆಳೆಗಾರರು ಗಾತ್ರ ತಪ್ಪಿದ, ಮಾರುಕಟ್ಟೆಗೆ ಹೆಚ್ಚಾದ ಮಾಲನ್ನು ಪೌಂಡಿಗೆ ಕೆಲವೇ ಸೆಂಟುಗಳಿಗೆ ಫುಡ್ ಬ್ಯಾಂಕುಗಳಿಗೆ ಕೊಡುವ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿದೆ. ನೀವು ಅಂಗಡಿಯಲ್ಲಿ ಒಂದು ಡಬ್ಬಿ ಬೀನ್ಸಿಗೆ ಕೊಡುವ ದುಡ್ಡಿನಲ್ಲಿ ಅವರು ಒಂದು ಚೀಲ ಕ್ಯಾರೆಟ್ ತರಿಸುತ್ತಾರೆ.

ಇನ್ನು ಪೀಪಾಯಿಯ ಪಾಡು ಕೇಳಿ. ಅದನ್ನು ಮೇಜಿನ ಮೇಲೆ ಸುರಿದು ಒಂದೊಂದೇ ಡಬ್ಬಿಯ ದಿನಾಂಕ ನೋಡಬೇಕು, ಅಂಚು ನೆಗ್ಗಿದ್ದನ್ನು ತೆಗೆಯಬೇಕು, ಚೀಟಿ ಹರಿದುಹೋದದ್ದನ್ನು ಎಸೆಯಬೇಕು. ಮನೆಯ ಅಲಮಾರಿಯ ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಕುಳಿತಿದ್ದ ತೆಂಗಿನಹಾಲಿನ ಡಬ್ಬಿ, ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿದ ಸಾಂಬಾರ್ ಪುಡಿ, ಎಲ್ಲವೂ ಬಂದಿವೆ.

ತುಂಗಾತೀರ

ಸಾಂಬಾರ್ ಪುಡಿಗೆ ರಬ್ಬರ್ ಬ್ಯಾಂಡ್ ಹಾಕಿ ದಾನ ಮಾಡಿದ ಪುಣ್ಯಾತ್ಮರು ನಮ್ಮವರೇ ಇರಬೇಕು.

ಲೆಕ್ಕದ ಮಾಸ್ಟರ್

ಗೋದಾಮು ಗೆಳೆಯರ ಮಾತನ್ನು ಒಪ್ಪುತ್ತೇನೆ, ಆದರೆ ಹಣದ ಪರವಾಗಿ ಹೇಳುವ ಲೆಕ್ಕಗಳನ್ನು ಕಣ್ಣು ಮುಚ್ಚಿ ನಂಬಬಾರದು. ಫುಡ್ ಬ್ಯಾಂಕುಗಳ ರಾಷ್ಟ್ರೀಯ ಜಾಲವಾದ ಫೀಡಿಂಗ್ ಅಮೆರಿಕ ಒಂದು ಡಾಲರಿಗೆ ಹತ್ತು ಊಟ ಎನ್ನುತ್ತದೆ. ಈ 'ಊಟ' ಎಂದರೆ ಏನು? 1.2 ಪೌಂಡ್ ತೂಕದ ಆಹಾರಕ್ಕೆ ಒಂದು ಊಟ ಎಂದು ಅವರು ಲೆಕ್ಕ ಹಿಡಿಯುತ್ತಾರೆ. ಹಾಗಾದರೆ 12 ಪೌಂಡಿನ ಒಂದು ಕಲ್ಲಂಗಡಿ ಹತ್ತು ಊಟವಾಯಿತು. ನಮ್ಮ ಮನೆಯಲ್ಲಿ ಅದು ಒಂದು ಸಂಜೆಯ ತಿಂಡಿಗೂ ಸಾಲದು. ಸಂಸ್ಥೆ ಮೋಸ ಮಾಡುತ್ತಿದೆ ಎಂದು ನಾನು ಹೇಳುತ್ತಿಲ್ಲ, ಆದರೆ ಜಾಹೀರಾತಿನ ಊಟಕ್ಕೂ ತಟ್ಟೆಯ ಊಟಕ್ಕೂ ವ್ಯತ್ಯಾಸವಿದೆ.

ಗೋದಾಮು ಗೆಳೆಯ

ಮಾಸ್ಟರ್ ಸರ್, ತೂಕದ ಲೆಕ್ಕ ಒರಟು ಎಂಬುದು ನಿಜ. ಆದರೆ ಆ ಒಂದು ಡಾಲರಿನಲ್ಲಿ ಬಹುಪಾಲು ಖರ್ಚಾಗುವುದು ಆಹಾರ ಕೊಳ್ಳಲಿಕ್ಕಲ್ಲ. ದಾನವಾಗಿ ಬಂದದ್ದನ್ನು ತಣ್ಣಗಿಟ್ಟು, ವಿಂಗಡಿಸಿ, ಲಾರಿಯಲ್ಲಿ ಸಾಗಿಸಲಿಕ್ಕೆ. ಅದಕ್ಕಾಗಿಯೇ ಸಂಖ್ಯೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಶೀತಲಗೃಹದ ವಿದ್ಯುತ್ ಬಿಲ್ಲನ್ನು ಯಾವ ಅಕ್ಕಿಚೀಲವೂ ಕಟ್ಟುವುದಿಲ್ಲ.

ಹಾಸನದ ಹುಡುಗಿ

ವೀಸಾ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ವಕೀಲೆಯಲ್ಲ, ಆದರೆ ಫುಡ್ ಬ್ಯಾಂಕಿನ ಆಹಾರ ಹಂಚುವ ಒಂದು ಪ್ಯಾಂಟ್ರಿಯಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತು ಇದೇ ಪ್ರಶ್ನೆಯನ್ನು ಕೇಳಿಸಿಕೊಂಡವಳು.

ಫುಡ್ ಬ್ಯಾಂಕ್ ಬೇರೆ, ಕ್ಯಾಲ್‌ಫ್ರೆಶ್ ಬೇರೆ. ಕ್ಯಾಲ್‌ಫ್ರೆಶ್ ಎಂಬುದು ಒಕ್ಕೂಟ ಸರ್ಕಾರದ ಸ್ನ್ಯಾಪ್ ಯೋಜನೆಗೆ ಕ್ಯಾಲಿಫೋರ್ನಿಯಾದಲ್ಲಿರುವ ಹೆಸರು. ಕಾರ್ಡಿನಲ್ಲಿ ದುಡ್ಡು ಬರುತ್ತದೆ, ಅಂಗಡಿಯಲ್ಲಿ ದಿನಸಿ ಕೊಳ್ಳಬಹುದು. ಎಚ್-1ಬಿಯವರಿಗೆ, ಅವರ ಅವಲಂಬಿತರ ಎಚ್-4 ವೀಸಾದವರಿಗೆ ಅದು ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದ ವಯಸ್ಕರೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಇಲ್ಲಿಯೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಮಾತ್ರ ಅರ್ಜಿ ಹಾಕಬಹುದು. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಇರುವ ವಿಕ್ ಯೋಜನೆಯಲ್ಲಿ ವೀಸಾ ಯಾವುದೆಂಬುದು ಅಡ್ಡಿಯಾಗುವುದಿಲ್ಲ. ಫುಡ್ ಬ್ಯಾಂಕಿನ ಸಾಲಿನಲ್ಲಂತೂ ವಲಸೆಯ ಕಾಗದವನ್ನು ಕೇಳುವುದೇ ಇಲ್ಲ: ಮನೆಯಲ್ಲಿ ಎಷ್ಟು ಜನ, ಯಾವ ಊರು, ಆದಾಯ ಮಿತಿಯೊಳಗಿದೆಯೇ ಎಂದು ಕೇಳುತ್ತಾರೆ, ಹೇಳಿದ್ದನ್ನು ನಂಬುತ್ತಾರೆ.

ಗ್ರೀನ್ ಕಾರ್ಡಿನ ಭಯಕ್ಕೆ ಕಾರಣ ಪಬ್ಲಿಕ್ ಚಾರ್ಜ್ ನಿಯಮ, ಅಂದರೆ ಮುಂದೆ ಸರ್ಕಾರದ ನೆರವಿನ ಮೇಲೆಯೇ ಬದುಕುವವರೆನ್ನಿಸಿದರೆ ಗ್ರೀನ್ ಕಾರ್ಡ್ ನಿರಾಕರಿಸಬಹುದೆಂಬ ನಿಯಮ. 2022ರ ನಿಯಮದಂತೆ ಸರ್ಕಾರದಿಂದ ಪಡೆಯುವ ನಗದು ಸಹಾಯ, ಸರ್ಕಾರದ ಖರ್ಚಿನಲ್ಲಿ ದೀರ್ಘಕಾಲ ಆರೈಕೆ ಕೇಂದ್ರದಲ್ಲಿರುವುದು, ಇಂಥವನ್ನು ಮಾತ್ರ ಪರಿಗಣಿಸುತ್ತಾರೆ. ಆ ನಿಯಮವನ್ನು ತೆಗೆದುಹಾಕುವ ಪ್ರಸ್ತಾವ 2025ರ ನವೆಂಬರಿನಲ್ಲಿ ಬಂದಿದೆ, ಆದ್ದರಿಂದ ಗ್ರೀನ್ ಕಾರ್ಡಿನ ಅರ್ಜಿ ಹಾಕುವ ಮುನ್ನ ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಆದರೆ ಚರ್ಚಿನ ಅಂಗಳದಲ್ಲಿ ಎಲೆಕೋಸು ತೆಗೆದುಕೊಂಡದ್ದಕ್ಕೆ ಯಾರ ಅರ್ಜಿಯೂ ತಿರಸ್ಕೃತವಾದದ್ದನ್ನು ನಾನು ಕೇಳಿಲ್ಲ.

ರಾಗಿಮುದ್ದೆ 94

ಭಯ ಪೂರ್ತಿ ಆಧಾರವಿಲ್ಲದ್ದೇನಲ್ಲ. ಸ್ನ್ಯಾಪ್ ಪಡೆಯುವವರ ವಿವರಗಳನ್ನು ಕೊಡಬೇಕೆಂದು 2025ರಲ್ಲಿ ಒಕ್ಕೂಟ ಸರ್ಕಾರ ರಾಜ್ಯಗಳನ್ನು ಕೇಳಿತು, ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಹೀಗಿರುವಾಗ ಎಲ್ಲಿಯೂ ಹೆಸರು ಬರೆಸಬಾರದೆಂದು ಜನ ಯೋಚಿಸಿದರೆ ಅವರನ್ನು ಅಂಜುಬುರುಕರೆನ್ನಲು ಮನಸ್ಸು ಬರುವುದಿಲ್ಲ.

ಬಂಡೀಪುರ ಬಸ್ಸು

ಅಪ್ರಿಯವಾದದ್ದೊಂದನ್ನು ಹೇಳುತ್ತೇನೆ, ಬೈಯಬೇಡಿ. ಕೆಲಸ ಹೋಗುವ ತನಕ ಲಕ್ಷಾಂತರ ಡಾಲರ್ ಸಂಬಳ ಪಡೆದವರು ಒಂದೆರಡು ತಿಂಗಳಲ್ಲಿ ಫುಡ್ ಬ್ಯಾಂಕಿಗೆ ಹೋಗುವ ಸ್ಥಿತಿಗೆ ಬರುತ್ತಾರೆಯೇ? ಉಳಿತಾಯ ಎಂಬುದು ಬೇಡವೇ? ಪುಕ್ಕಟೆ ಸಿಗುತ್ತದೆಂದು ನಮ್ಮವರು ಕೈಯೊಡ್ಡಿದರೆ ನಿಜವಾಗಿ ಹಸಿದವನ ಪಾಲು ಕಡಿಮೆಯಾಗುತ್ತದೆ.

ಸನ್ನಿವೇಲ್ ಸೀತಾಫಲ

ಬಸ್ಸಿನವರೇ, ಎಚ್-1ಬಿ ಇರುವವರೆಲ್ಲ ಮೇಟಾದಲ್ಲಿ ಕೆಲಸ ಮಾಡುತ್ತಾರೆಂದು ನಿಮಗೆ ಹೇಳಿದವರಾರು? ಗುತ್ತಿಗೆ ಕಂಪನಿಯ ಸಂಬಳ, ಎರಡು ಕೋಣೆಯ ಮನೆಗೆ 3,000 ಡಾಲರ್ ದಾಟುವ ಬಾಡಿಗೆ, ಊರಿನಲ್ಲಿ ತಂದೆಯ ಶಸ್ತ್ರಚಿಕಿತ್ಸೆಗೆ ಕಳಿಸಿದ ಹಣ, ಎಚ್-4ರಲ್ಲಿ ಕೆಲಸದ ಪರವಾನಗಿಯಿಲ್ಲದ ಹೆಂಡತಿ. ಕೆಲಸ ಹೋದ ಮೇಲೆ ಇನ್ನೊಂದು ಹುಡುಕಲು ಸಿಗುವುದು ಗರಿಷ್ಠ 60 ದಿನ. ಇಷ್ಟರ ನಡುವೆ ಉಳಿತಾಯದ ಪಾಠ ಯಾರಿಗೆ?

ಅಲ್ಲದೆ ಅಧಿಕೃತ ಬಡತನ ರೇಖೆ ಮಿಸಿಸಿಪ್ಪಿಗೂ ಸ್ಯಾನ್ ಹೋಸೆಗೂ ಒಂದೇ. 2025ರಲ್ಲಿ ನಾಲ್ಕು ಜನರ ಕುಟುಂಬಕ್ಕೆ ಅದು 32,150 ಡಾಲರ್. ನಮ್ಮ ಕೌಂಟಿಯಲ್ಲಿ ಅಷ್ಟು ಹಣ ಬಾಡಿಗೆಗೇ ಸಾಲದು. ಮಗುವನ್ನು ನೋಡಿಕೊಳ್ಳುವ ಆಯಾ, ನಿಮ್ಮ ಕಚೇರಿಯ ಕಸ ಗುಡಿಸುವವನು, ಮಕ್ಕಳ ಶಾಲೆಯ ಸಹಾಯಕ ಶಿಕ್ಷಕಿ, ಇವರೆಲ್ಲ ದುಡಿಯುತ್ತಲೇ ಆ ಸಾಲಿನಲ್ಲಿ ನಿಲ್ಲುತ್ತಾರೆ.

ಟೊರೊಂಟೋ ತಿರುಕ

ಬಸ್ಸಿನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆನಡಾದಲ್ಲಿ 2024ರಲ್ಲಿ ಭಾರತೀಯ ಯುವಕನೊಬ್ಬ, ಕಾಲೇಜಿನ ಫುಡ್ ಬ್ಯಾಂಕಿನಿಂದ ತಿಂಗಳ ದಿನಸಿಯನ್ನು ಪುಕ್ಕಟೆಯಾಗಿ ತರುವುದು ಹೇಗೆಂದು ಹೇಳುವ ವಿಡಿಯೋ ಹರಿದಾಡಿ ದೊಡ್ಡ ಗಲಾಟೆಯಾಯಿತು. ಅದೇ ವರ್ಷ ವ್ಯಾಂಕೂವರಿನ ಫುಡ್ ಬ್ಯಾಂಕ್ ಮೊದಲ ವರ್ಷದ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲವೆಂದಿತು. ವೀಸಾ ಪಡೆಯುವಾಗ ಜೀವನ ನಿರ್ವಹಣೆಗೆ 20,635 ಡಾಲರ್ ಇದೆಯೆಂದು ತೋರಿಸಿದ್ದೀರಲ್ಲ ಎಂಬುದು ಅದರ ವಾದ. 2024ರ ಮಾರ್ಚ್ ಒಂದೇ ತಿಂಗಳಲ್ಲಿ ಕೆನಡಾದ ಫುಡ್ ಬ್ಯಾಂಕುಗಳಿಗೆ 20 ಲಕ್ಷಕ್ಕೂ ಹೆಚ್ಚು ಭೇಟಿಗಳಾದವು. ಕಪಾಟು ಖಾಲಿಯಾಗುತ್ತಿರುವಾಗ ಯಾರಿಗೆ ಮೊದಲು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಆದರೆ ಆ ವಿಡಿಯೋದ ನಂತರ ತೊಂದರೆಗೆ ಸಿಲುಕಿದವರು, ನೆಲಮಾಳಿಗೆಯಲ್ಲಿ ಆರು ಜನ ಸೇರಿ ಬಾಡಿಗೆಗಿರುವ, ರಾತ್ರಿ ಪಾಳಿ ಸಿಗದ ಹುಡುಗರು. ಎಲ್ಲ ಕಂದು ಮುಖಗಳನ್ನೂ ಒಂದೇ ಎಂದು ನೋಡುವ ಅಭ್ಯಾಸ ಸಾಲಿನಲ್ಲಿ ಶುರುವಾಯಿತು.

ಧಾರವಾಡ ಪೇಢೆ

ನಮ್ಮವರಿಗೆ ಇದು ಅರ್ಥವಾಗದಿರಲು ಇನ್ನೊಂದು ಕಾರಣವಿದೆಯೆಂದು ನನಗೆ ತೋರುತ್ತದೆ. ಧರ್ಮಸ್ಥಳದಲ್ಲೋ ಶೃಂಗೇರಿಯಲ್ಲೋ ಊಟಕ್ಕೆ ಕುಳಿತರೆ ಕೋಟ್ಯಧೀಶನೂ ಕೂಲಿಯವನೂ ಒಂದೇ ಪಂಕ್ತಿ. ಅದು ಪ್ರಸಾದ, ಉಣ್ಣದೆ ಬರುವುದೇ ತಪ್ಪು. ಸಿದ್ಧಗಂಗೆಯ ದಾಸೋಹದಲ್ಲೂ ಯಾರೂ ಆದಾಯ ಕೇಳುವುದಿಲ್ಲ. ಅಂಥ ಅಭ್ಯಾಸದಿಂದ ಬಂದ ಹುಡುಗನಿಗೆ ಉಚಿತ ಆಹಾರವೆಂದರೆ ಎಲ್ಲರಿಗೂ ಇರುವುದೆಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ.

ಬಂಡೀಪುರ ಬಸ್ಸು

ಪೇಢೆಯವರು ಚೆನ್ನಾಗಿ ಹೇಳಿದಿರಿ, ಆದರೆ ಅದೇ ಹುಡುಗನಿಗೆ ಊರಿನಲ್ಲಿ ಬಿಪಿಎಲ್ ಕಾರ್ಡ್ ಎಂದರೇನೆಂದೂ ಗೊತ್ತಿರುತ್ತದೆ. ಅನ್ನಭಾಗ್ಯದ ಅಕ್ಕಿಗೆ ಎಲ್ಲರೂ ಅರ್ಹರಲ್ಲ ಎಂಬುದು ಗೊತ್ತಿದ್ದವನಿಗೆ ಇಲ್ಲಿ ಮಾತ್ರ ದಾಸೋಹ ನೆನಪಾಗುವುದೇಕೆ?

ಧಾರವಾಡ ಪೇಢೆ

ಬಿಪಿಎಲ್ ಕಾರ್ಡ್ ಇಟ್ಟುಕೊಂಡು ಕಾರಿನಲ್ಲಿ ಅಕ್ಕಿ ಒಯ್ಯುವವರನ್ನೂ ನಾವು ನೋಡಿದ್ದೇವೆ ಬಿಡಿ. ಅಷ್ಟಕ್ಕೆ ರೇಷನ್ ಅಂಗಡಿಯನ್ನೇ ಮುಚ್ಚಿ ಎಂದು ಯಾರೂ ಹೇಳುವುದಿಲ್ಲ.

ಮೌನಿ

ಈ ವೇದಿಕೆಯಲ್ಲಿ ಓದುವುದಷ್ಟೇ ನನ್ನ ರೂಢಿ. ಇಂದು ಬರೆಯಬೇಕೆನ್ನಿಸಿತು, ಏಕೆಂದರೆ ಇಷ್ಟು ಜನ ಮಾತಾಡುತ್ತಿರುವ ಸಾಲಿನಲ್ಲಿ ನಾನು ನಿಂತಿದ್ದೇನೆ; ನಿಂತಿದ್ದೇನೆ ಎನ್ನುವುದಕ್ಕಿಂತ ಕಾರಿನಲ್ಲಿ ಕುಳಿತಿದ್ದೇನೆ ಎನ್ನಬೇಕು.

ನಾನು ಹೋಗುವುದು ಡ್ರೈವ್-ಥ್ರೂ ಕೇಂದ್ರಕ್ಕೆ. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಾರು ನಿಧಾನವಾಗಿ ಮುಂದೆ ಸಾಗುತ್ತದೆ, ಒಬ್ಬರು ಬಂದು ಎಷ್ಟು ಕುಟುಂಬವೆಂದು ಕೇಳಿ ಆ ಸಂಖ್ಯೆಯ ಚೀಟಿಯನ್ನು ವೈಪರಿಗೆ ಸಿಕ್ಕಿಸುತ್ತಾರೆ. ನಾವು ಡಿಕ್ಕಿ ತೆರೆದು ಸೀಟಿನಲ್ಲೇ ಕುಳಿತಿರಬೇಕು. ಹಿಂದೆ ಒಂದೊಂದೇ ಪೆಟ್ಟಿಗೆ ಬೀಳುವ ಸದ್ದು ಕೇಳುತ್ತದೆ: ಕ್ಯಾರೆಟ್, ಈರುಳ್ಳಿ, ಎಲೆಕೋಸು, ಒಂದು ಡಜನ್ ಮೊಟ್ಟೆ, ಹಾಲು, ಅಕ್ಕಿ, ಪಿಂಟೋ ಬೀನ್ಸ್. ಹೆಪ್ಪುಗಟ್ಟಿಸಿದ ಕೋಳಿ ಇದ್ದರೆ ಬೇಡವೆಂದು ಕಿಟಕಿಯಿಂದ ಹೇಳುತ್ತೇನೆ, ಅವರೂ ಬೇಸರಿಸುವುದಿಲ್ಲ. ಎಲ್ಲ ಸೇರಿ ಕೆಲವೇ ನಿಮಿಷ. ಹಸಿವಿಗಿಂತ ನನಗೆ ಅಲ್ಲಿ ಹೆಚ್ಚು ಕಷ್ಟವಾಗುವುದು ಪರಿಚಿತರು ಸಿಕ್ಕಾರೆಂಬ ಅಳುಕು.

ಒಮ್ಮೆ ಒಂದು ಭಾರತೀಯ ಸಂಘದವರು ಒಂದೇ ಬಣ್ಣದ ಟೀ-ಶರ್ಟ್ ತೊಟ್ಟು ಸೇವೆಗೆ ಬಂದಿದ್ದರು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಹಿನ್ನೆಲೆಯಲ್ಲಿ ನಮ್ಮ ಕಾರುಗಳ ಸಾಲು. ನಾನು ಸಾಲು ಬಿಟ್ಟು ಕಾರು ತಿರುಗಿಸಿಕೊಂಡು ಹೊರಟುಬಂದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕುಪರ್ಟಿನೋದವರೇ, ನಿಮ್ಮ ಬಳಗ ಕೆಲಸ ಮಾಡುವುದಿದ್ದರೆ ದಯವಿಟ್ಟು ಗೋದಾಮಿನಲ್ಲಿ ಸೇಬು ವಿಂಗಡಿಸಿ. ಹಂಚುವ ಜಾಗಕ್ಕೆ ಕನ್ನಡದ ಬ್ಯಾನರ್ ತರಬೇಡಿ.

ಹಾಸನದ ಹುಡುಗಿ

ಮೌನಿಯವರೇ, ಬರೆದದ್ದು ಒಳ್ಳೆಯದಾಯಿತು. ಅನೇಕ ಕೇಂದ್ರಗಳಲ್ಲಿ ಬಂದವರ ಫೋಟೋ ತೆಗೆಯಬಾರದೆಂದು ಸ್ವಯಂಸೇವಕರಿಗೆ ಮೊದಲೇ ಹೇಳುತ್ತಾರೆ. ಮುಂದಿನ ಸಲ ಯಾರಾದರೂ ಕ್ಯಾಮೆರಾ ಎತ್ತಿದರೆ ಕೇಂದ್ರದ ಮೇಲ್ವಿಚಾರಕರಿಗೆ ತಿಳಿಸಿ.

ಲೆಕ್ಕದ ಮಾಸ್ಟರ್

ಮೌನಿಯವರ ಸಂಕಟವನ್ನು ಗೌರವಿಸುತ್ತೇನೆ. ಆದರೂ ಫೋಟೋ ಇಲ್ಲದೆ ದಾನಿಗಳು ಬರುವುದಿಲ್ಲ ಎಂಬುದು ಸಂಘ ನಡೆಸಿದವರಿಗೆ ಗೊತ್ತು. ಕಂಪನಿಗಳು ನೌಕರರ ದಾನಕ್ಕೆ ಸಮನಾಗಿ ತಮ್ಮ ಪಾಲನ್ನು ಸೇರಿಸುವ ಊರು ಇದು. ಪ್ರಚಾರವಾದರೆ ಆ ಹಣವೂ ಬರುತ್ತದೆ.

ಸನ್ನಿವೇಲ್ ಸೀತಾಫಲ

ಕ್ಯಾರೆಟ್ಟಿನ ಫೋಟೋ ಹಾಕಿ ಮಾಸ್ಟರ್. ಅದು ಯಾರನ್ನೂ ನೋಡಿ ಕಾರು ತಿರುಗಿಸುವುದಿಲ್ಲ.

ಫ್ರೀಮಾಂಟ್ ಅಜ್ಜಿ

ಮೌನಿ, ಪಿಂಟೋ ಬೀನ್ಸ್ ಏನು ಮಾಡುತ್ತೀಯಮ್ಮಾ? ರಾತ್ರಿ ನೆನೆಸಿ ಕುಕ್ಕರಿನಲ್ಲಿ ಬೇಯಿಸಿ, ಅದರ ಕಟ್ಟು ಬಸಿದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸ್ವಲ್ಪ ಬೆಂದ ಕಾಳನ್ನೇ ಸೇರಿಸಿ ರುಬ್ಬಿ ಬಸ್ಸಾರು ಮಾಡು. ಉಳಿದ ಕಾಳಿಗೆ ಅದೇ ಎಲೆಕೋಸು ಸೇರಿಸಿ ಪಲ್ಯ. ಹುರುಳಿಕಾಳಿನ ರುಚಿ ಬರುವುದಿಲ್ಲ, ಆದರೆ ಮುದ್ದೆಗೆ ಮೋಸವಿಲ್ಲ.

ನಮ್ಮ ಫ್ರೀಮಾಂಟಿನಲ್ಲಿಯೂ ಹಿರಿಯರಿಗೆ ಪೆಟ್ಟಿಗೆ ಕೊಡುತ್ತಾರೆಂದು ಕೇಳಿದ್ದೇನೆ. ಸೆಕೆಂಡ್ ಹಾರ್ವೆಸ್ಟಿಗೆ ನಾನೂ ಹೋಗಬಹುದೇ?

ಗೋದಾಮು ಗೆಳೆಯ

ಅಮ್ಮಾ, ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ, ಅದಕ್ಕೆ ಬೇರೆಯದೇ ಫುಡ್ ಬ್ಯಾಂಕ್ ಇದೆ: ಅಲಮೀಡಾ ಕೌಂಟಿ ಕಮ್ಯುನಿಟಿ ಫುಡ್ ಬ್ಯಾಂಕ್. ಫೀಡಿಂಗ್ ಅಮೆರಿಕದ ಜಾಲದಲ್ಲಿ ದೇಶಾದ್ಯಂತ ಸುಮಾರು 200 ಪ್ರಾದೇಶಿಕ ಫುಡ್ ಬ್ಯಾಂಕುಗಳಿದ್ದು, ಪ್ರತಿಯೊಂದಕ್ಕೂ ಗೊತ್ತುಪಡಿಸಿದ ಸೀಮೆಯಿದೆ. ನೀವು ಹೇಳಿದ ಪೆಟ್ಟಿಗೆ ಒಕ್ಕೂಟ ಸರ್ಕಾರದ ಯೋಜನೆಯದು. 60 ದಾಟಿದ, ಕಡಿಮೆ ಆದಾಯದ ಹಿರಿಯರಿಗೆ ತಿಂಗಳಿಗೊಮ್ಮೆ ಕೊಡುತ್ತಾರೆ.

ಈ ಜಾಲದೊಳಗಿನ ಹಂಚಿಕೆಯೂ ಸ್ವಾರಸ್ಯಕರವಾಗಿದೆ. ಮೊದಲೆಲ್ಲ ಸರದಿಯ ಪ್ರಕಾರ ಬಂದ ಮಾಲನ್ನು ಒಪ್ಪಬೇಕಿತ್ತು, ಆಲೂಗಡ್ಡೆ ಬೆಳೆಯುವ ಐಡಾಹೋಗೇ ಆಲೂಗಡ್ಡೆ ಸಿಗುವಂಥ ಅವಸ್ಥೆ. 2005ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ಸಹಾಯದಿಂದ ಒಂದು ಹರಾಜು ಪದ್ಧತಿ ಬಂತು. ಹೆಚ್ಚು ಬಡವರಿರುವ ಪ್ರದೇಶಕ್ಕೆ ಹೆಚ್ಚು ಕಾಲ್ಪನಿಕ ನಾಣ್ಯ. ಆ ನಾಣ್ಯದಲ್ಲಿ ತನಗೆ ಬೇಕಾದ ಲೋಡಿಗೆ ಪ್ರತಿ ಫುಡ್ ಬ್ಯಾಂಕೂ ಕೂಗಬಹುದು. ಅಲ್ಲಿ ಡಬ್ಬದ ಸೀರಿಯಲ್ಲಿಗೆ ತರಕಾರಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಬಂತು, ಏಕೆಂದರೆ ಅದು ಕೆಡುವುದಿಲ್ಲ.

ತುಂಗಾತೀರ

ದಾವಣಗೆರೆ ಎಪಿಎಂಸಿಯಲ್ಲಿ ಕೂಗುವುದನ್ನು ನೋಡಿದವನಿಗೆ ಇದು ಪೂರ್ತಿ ಹೊಸತೇನಲ್ಲ. ಅದಿರಲಿ, ಫುಡ್ ಬ್ಯಾಂಕ್ ಎಂಬುದನ್ನೇ ಮೊದಲು ಯೋಚಿಸಿದವರು ಯಾರು?

ರಾಗಿಮುದ್ದೆ 94

ಅರಿಜೋನಾದ ಫೀನಿಕ್ಸಿನಲ್ಲಿ ಜಾನ್ ವಾನ್ ಹೆಂಗಲ್ ಎಂಬುವರು, 1967ರಲ್ಲಿ. ಅಂಗಡಿಯ ಹಿಂದಿನ ತೊಟ್ಟಿಯಿಂದ ಆಹಾರ ಆಯ್ದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಆಹಾರವನ್ನು ಇಡಲು ಮತ್ತು ಬೇಕಾದಾಗ ಪಡೆಯಲು ಬ್ಯಾಂಕಿನಂಥದೊಂದು ಇರಬೇಕೆಂದು ಅವರಿಗೆ ಸೂಚಿಸಿದಳೆಂದು ಹೇಳುತ್ತಾರೆ. ಸೇಂಟ್ ಮೇರೀಸ್ ಚರ್ಚು ಕಟ್ಟಡ ಕೊಟ್ಟಿತು. ಕೊಟ್ಟ ಆಹಾರದಿಂದ ಯಾರಿಗಾದರೂ ತೊಂದರೆಯಾದರೆ ಮೊಕದ್ದಮೆ ಬೀಳುತ್ತದೆಂದು ಅಂಗಡಿಗಳು ಹೆದರುತ್ತಿದ್ದವು; ಸದುದ್ದೇಶದಿಂದ ಕೊಟ್ಟವರಿಗೆ 1996ರ ಕಾಯ್ದೆಯೊಂದು ರಕ್ಷಣೆ ನೀಡಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಅದು ಇಷ್ಟದ ಮಾತೂ ಅಲ್ಲ: ಎಸ್‌ಬಿ 1383 ಕಾನೂನಿನಂತೆ 2022ರಿಂದ ದೊಡ್ಡ ದಿನಸಿ ಅಂಗಡಿಗಳು ತಿನ್ನಲು ಯೋಗ್ಯವಾದ ಹೆಚ್ಚುವರಿ ಆಹಾರವನ್ನು ಕೊಡಲೇಬೇಕು.

ಆದರೆ ನನ್ನ ತಕರಾರು ಬೇರೆ. ನಾವು ಡಬ್ಬಿಯೋ ಹಣವೋ ಎಂದು ಜಗಳವಾಡುತ್ತಿರುವಾಗ ಮುಖ್ಯ ನೀರು ಬೇರೆ ಕಾಲುವೆಯಲ್ಲಿ ನಿಂತುಹೋಗುತ್ತಿದೆ. ಫುಡ್ ಬ್ಯಾಂಕುಗಳು ಒಂದು ಊಟ ಕೊಟ್ಟರೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆಂದು ಫೀಡಿಂಗ್ ಅಮೆರಿಕವೇ ಹೇಳುತ್ತದೆ. 2025ರ ಜುಲೈನಲ್ಲಿ ಸಹಿಯಾದ ಕಾಯ್ದೆಯು ಸ್ನ್ಯಾಪಿನ ಖರ್ಚನ್ನು ಕಡಿತಗೊಳಿಸಿ, ಕೆಲಸ ಮಾಡಿ ತೋರಿಸಬೇಕೆಂಬ ಷರತ್ತನ್ನು 64 ವರ್ಷದವರೆಗೆ ವಿಸ್ತರಿಸಿದೆ. ಅದೇ ವರ್ಷ ಸ್ಥಳೀಯ ರೈತರಿಂದ ಫುಡ್ ಬ್ಯಾಂಕುಗಳಿಗಾಗಿ ಕೊಳ್ಳುವ ಯೋಜನೆಯೂ ರದ್ದಾಯಿತು. ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಒಕ್ಕೂಟ ಸರ್ಕಾರ ಬಾಗಿಲು ಮುಚ್ಚಿದಾಗ, 2025ರ ನವೆಂಬರಿನಲ್ಲಿ, ಸುಮಾರು 4.2 ಕೋಟಿ ಜನರ ಸ್ನ್ಯಾಪ್ ಹಣಕ್ಕೆ ಅಡ್ಡಿಯಾಯಿತು. ಫುಡ್ ಬ್ಯಾಂಕುಗಳ ನೆರವಿಗೆ ಕ್ಯಾಲಿಫೋರ್ನಿಯಾ ತನ್ನ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡನ್ನು ಕಳಿಸಬೇಕಾಯಿತು. ಒಂದರ ಜಾಗದಲ್ಲಿರುವವರು ಒಂಬತ್ತರ ಹೊರೆಯನ್ನು ಹೊರುವುದು ಹೇಗೆ? ಮತ ಹಾಕುವ ಹಕ್ಕಿರುವವರು ನಿಮ್ಮ ಬಳಗದಲ್ಲಿದ್ದರೆ, ಚೆಕ್ ಬರೆಯುವುದರ ಜೊತೆಗೆ ನಿಮ್ಮ ಕ್ಷೇತ್ರದ ಪ್ರತಿನಿಧಿಗೂ ಎರಡು ಸಾಲು ಬರೆಯಿರಿ.

ಬಂಡೀಪುರ ಬಸ್ಸು

ಯುಗಾದಿಯ ವೇದಿಕೆಗೆ ರಾಜಕೀಯ ತರಬೇಡಿ ಎಂದು ಯಾರಾದರೂ ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ: ರಾಗಿಮುದ್ದೆಯವರ ಈ ಮಾತನ್ನು ನಾನು ಒಪ್ಪುತ್ತೇನೆ. ಉಳಿತಾಯದ ಬಗ್ಗೆ ನಾನು ಹೇಳಿದ್ದನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಸನ್ನಿವೇಲ್ ಸೀತಾಫಲ

ಹಿಂತೆಗೆದುಕೊಳ್ಳಬೇಡಿ, ಉಳಿಸಿಟ್ಟುಕೊಳ್ಳಿ.

ಕುಪರ್ಟಿನೋ ಕಾಫಿ

ಎಲ್ಲರಿಗೂ ವಂದನೆಗಳು. ಸಮಿತಿಯವರೊಡನೆ ಮಾತಾಡಿದೆ. ಪೀಪಾಯಿ ಬೇಡ, ಹಣ ಸಂಗ್ರಹಿಸೋಣ, ಕಂಪನಿಯಿಂದ ಸಮನಾದ ಪಾಲು ಸಿಗುವವರು ತಮ್ಮ ಅರ್ಜಿಯನ್ನು ತಾವೇ ಹಾಕಲಿ ಎಂದಾಯಿತು. ಜೊತೆಗೆ ಒಂದು ಶನಿವಾರ ಗೋದಾಮಿನಲ್ಲಿ ವಿಂಗಡಿಸುವ ಕೆಲಸಕ್ಕೆ ಹೋಗುತ್ತೇವೆ. ಟೀ-ಶರ್ಟ್ ಮಾಡಿಸುವ ಮಾತು ಬಂದಿತ್ತು, ಮೌನಿಯವರು ಬರೆದದ್ದನ್ನು ಓದಿ ಹೇಳಿದೆ, ಕೈಬಿಟ್ಟರು. ಹಾಸನದವರೇ, ಆ ಕುಟುಂಬಕ್ಕೆ ನಿಮ್ಮ ವಿವರಣೆಯನ್ನು ಕಳಿಸಿದ್ದೇನೆ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು ಏನು ಮಾಡಬೇಕು? ಗೋದಾಮಿಗೆ ಮಕ್ಕಳನ್ನು ಕರೆತರಬಹುದೇ?

ಹಾಸನದ ಹುಡುಗಿ

ಸೆಕೆಂಡ್ ಹಾರ್ವೆಸ್ಟಿನ ಸಹಾಯವಾಣಿಗೆ ಕರೆ ಮಾಡಿ ಊರು ಹೇಳಿದರೆ ಯಾವ ದಿನ, ಎಲ್ಲಿ ಎಂದು ತಿಳಿಸುತ್ತಾರೆ. ಇಂಗ್ಲಿಷ್ ತೊಡಕಾದರೆ ಬೇರೆ ಭಾಷೆಯಲ್ಲಿಯೂ ಸಹಾಯ ಕೇಳಬಹುದು. ಮೊದಲ ಸಲ ಅವರ ಜೊತೆ ಯಾರಾದರೂ ಹೋಗುವುದಾದರೆ ಅವರೇ ಕೇಳಲಿ, ನೀವಾಗಿ ಹೊರಡಬೇಡಿ.

ಗೋದಾಮು ಗೆಳೆಯ

ಮಕ್ಕಳ ವಯಸ್ಸಿನ ಮಿತಿ ಪಾಳಿಯಿಂದ ಪಾಳಿಗೆ ಬೇರೆಯಿರುತ್ತದೆ, ಹೆಸರು ನೋಂದಾಯಿಸುವಾಗ ನೋಡಿಕೊಳ್ಳಿ. ಕಾಲ್ಬೆರಳು ಮುಚ್ಚುವ ಬೂಟು ಕಡ್ಡಾಯ, ಚಪ್ಪಲಿಯಲ್ಲಿ ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತಾರೆ. ಒಳಗೆ ತಂಪಿರುತ್ತದೆ, ಸ್ವೆಟರ್ ತನ್ನಿ. ಸೇಬಿನ ಪೆಟ್ಟಿಗೆ ಎದೆಯೆತ್ತರ ಇರುತ್ತದೆ, ತಳದ ಹಣ್ಣು ತೆಗೆಯಲು ಉದ್ದ ಕೈಯವರು ಬೇಕು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂದು ಅನುಮಾನ ಬಂದರೆ, ನಿಮ್ಮ ಮಗುವಿಗೆ ಅದನ್ನು ಕೊಡುವಿರಾ ಎಂದು ಕೇಳಿಕೊಳ್ಳಿ. ಕೊಡುವಂತಿಲ್ಲವಾದರೆ ಪಕ್ಕದ ತೊಟ್ಟಿಗೆ ಹಾಕಿ. ಶನಿವಾರದ ಜಾಗಗಳು ಬೇಗ ತುಂಬುತ್ತವೆ, ಇಂದೇ ನೋಡಿ.